ಗ್ರಂಥಾಲಯದ ಒಡೆತನ: ಕೇರಳ ಮತ್ತು ಕನ್ನಡ ನಾಡುಗಳ ಎರಡು ದಾರಿಗಳು

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕ್ರಿ. ಶ. ೧೦೫೮ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನದ ವಿವರ ಅದರಲ್ಲಿ ಬಂದಿದೆ. ವೇದಶಾಸ್ತ್ರಗಳನ್ನು ಕಲಿಸುವ ಉಪಾಧ್ಯಾಯರು, ಕಲಿಯುವ ವಿದ್ಯಾರ್ಥಿಗಳು ಇವರ ಜೊತೆಯಲ್ಲಿಯೇ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಶಾಸನವು ಹೆಸರಿಸುತ್ತದೆ. ಸರಸ್ವತೀಭಂಡಾರವೆಂದರೆ ಪುಸ್ತಕಾಲಯ, ಭಂಡಾರಿಗನೆಂದರೆ ಅದನ್ನು ಕಾಯ್ದುಕೊಂಡು ಬರುವವನು. ಪುಸ್ತಕವಿದ್ದಲ್ಲಿ ಅದನ್ನು ನೋಡಿಕೊಳ್ಳುವ ಮನುಷ್ಯನು ಬೇಕು, ಆ ಮನುಷ್ಯನ ಜೀವಿತಕ್ಕೆ ನಿಶ್ಚಿತವಾದ ಆದಾಯ ಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ನಾಗಾವಿಯ ಭಂಡಾರವು ಸಾರ್ವಜನಿಕ ಗ್ರಂಥಾಲಯವಾಗಿರಲಿಲ್ಲ. ಹೊಲ ಉಳುವವನೊಬ್ಬನು ಬಾಗಿಲಿಗೆ ಬಂದು ಓಲೆಯ ಕಟ್ಟನ್ನು ಕೇಳುವ ಸಂಭವವೇ ಅಲ್ಲಿರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವು ಮುದ್ರಣವಿಲ್ಲದ ಹತ್ತನೆಯ ಶತಮಾನದಲ್ಲಿ ಒಂದು ಅದ್ಭುತ. ಆದರೂ ಅದು ದಾನವೇ. ಕೊಡುವವರ ಮನಸ್ಸಿನ ಮೇಲೆ ಅದರ ಬಾಳು ನಿಂತಿರುತ್ತದೆ. ಸಾರ್ವಜನಿಕ ಗ್ರಂಥಾಲಯವೆಂಬುದು ದಾನವನ್ನು ಹಕ್ಕಾಗಿ ಮಾರ್ಪಡಿಸಿದ ಸಂಸ್ಥೆ. ಓದುಗನು ಇಲ್ಲಿ ಯಾಚಕನಲ್ಲ. ತೆರಿಗೆ ಕೊಟ್ಟವನು, ಆದುದರಿಂದ ಒಡೆಯನು. ಈ ಮಾರ್ಪಾಟು ಕೇರಳದಲ್ಲಿ ಒಂದು ರೀತಿಯಲ್ಲಿಯೂ ಕನ್ನಡ ನಾಡಿನಲ್ಲಿ ಮತ್ತೊಂದು ರೀತಿಯಲ್ಲಿಯೂ ನಡೆಯಿತು. ಎರಡೂ ದಾರಿಗಳು ಕೂಡುವ ಎಡೆ ಕಾಸರಗೋಡು. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ನೆಲಸಿರುವ ಕನ್ನಡಿಗನು ತನ್ನ ಮಕ್ಕಳಿಗೆ ಕನ್ನಡ ಪುಸ್ತಕವೆಲ್ಲಿ ದೊರೆಯುವುದೆಂದು ಕೇಳುವಾಗ, ಈ ಎರಡು ದಾರಿಗಳ ಚರಿತ್ರೆಯನ್ನು ಅರಿತಿರುವುದು ಪ್ರಯೋಜನಕರ.

೧. ಅರಸರ ಪುಸ್ತಕಶಾಲೆ

ತಿರುವನಂತಪುರದ ಪಾಳಯಂ ಪ್ರದೇಶದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು ೧೮೨೯ರಲ್ಲಿ ಸ್ಥಾಪಿತವಾಯಿತು. ವಾಗ್ಗೇಯಕಾರರೆಂದು ನಾಡೆಲ್ಲ ಬಲ್ಲ ಸ್ವಾತಿ ತಿರುನಾಳ್ ಮಹಾರಾಜರು ತಮ್ಮ ಹದಿನಾರನೆಯ ವಯಸ್ಸಿನಲ್ಲಿ ತಿರುವಾಂಕೂರಿನ ಆಡಳಿತವನ್ನು ವಹಿಸಿಕೊಂಡ ವರ್ಷವೂ ಅದೇ. ಗ್ರಂಥಾಲಯದ ಏರ್ಪಾಟನ್ನು ಕರ್ನಲ್ ಎಡ್ವರ್ಡ್ ಕಡೋಗನ್ ಎಂಬ ಬ್ರಿಟಿಷ್ ಅಧಿಕಾರಿಗೆ ಒಪ್ಪಿಸಲಾಯಿತೆಂದು ಹೇಳಲಾಗುತ್ತದೆ. ಇವರು ಬ್ರಿಟಿಷ್ ಮ್ಯೂಸಿಯಮ್ಮಿಗೆ ಮೂಲಪುರುಷರಾದ ಸರ್ ಹ್ಯಾನ್ಸ್ ಸ್ಲೋನ್ ಅವರ ಮೊಮ್ಮಗನೆಂಬ ಮಾತು ಅನೇಕ ಬರಹಗಳಲ್ಲಿ ಪುನರುಕ್ತವಾಗಿದೆ. ಇದನ್ನು ಹಾಗೆಯೇ ಒಪ್ಪುವುದು ಕಷ್ಟ. ಸ್ಲೋನ್ ತೀರಿಕೊಂಡದ್ದು ೧೭೫೩ರಲ್ಲಿ. ಕಡೋಗನ್ ಮನೆತನಕ್ಕೆ ಮದುವೆಯಾಗಿ ಹೋದ ಅವರ ಮಗಳ ಮಗ ಚಾರ್ಲ್ಸ್ ಸ್ಲೋನ್ ಕಡೋಗನ್ ತೀರಿಕೊಂಡದ್ದು ೧೮೦೭ರಲ್ಲಿ. ಹೆಚ್ಚೆಂದರೆ ತಿರುವನಂತಪುರದ ಕರ್ನಲ್ಲರನ್ನು ಆ ಮನೆತನದವರೆನ್ನಬಹುದೇ ಹೊರತು, ಮೊಮ್ಮಗನೆಂಬುದು ಕಾಲಗಣನೆಗೆ ಹೊಂದುವುದಿಲ್ಲ.

ಭಾರತದ ಮೊದಲನೆಯ ಸಾರ್ವಜನಿಕ ಗ್ರಂಥಾಲಯವೆಂಬ ಕೀರ್ತಿಯೂ ಇದಕ್ಕೆ ಸಲ್ಲುತ್ತ ಬಂದಿದೆ. ಇಲ್ಲಿ ಸಾರ್ವಜನಿಕವೆಂಬ ಶಬ್ದವನ್ನು ತೂಗಿ ನೋಡಬೇಕು. ಆರಂಭದಲ್ಲಿ ಪ್ರವೇಶವಿದ್ದುದು ಅರಮನೆಗೂ ಅಧಿಕಾರಕ್ಕೂ ಹತ್ತಿರದವರಿಗೆ ಮಾತ್ರ. ಜನರಿಗಾಗಿ ಬಾಗಿಲು ತೆರೆದದ್ದು ೧೮೪೭ರಲ್ಲಿ, ಉತ್ರಂ ತಿರುನಾಳ್ ಮಹಾರಾಜರ ಕಾಲದಲ್ಲಿ. ೧೮೯೮ರಲ್ಲಿ ಸಂಸ್ಥಾನದ ಸರಕಾರವು ಅದನ್ನು ವಹಿಸಿಕೊಂಡಿತು. ಗಾಥಿಕ್ ಶೈಲಿಯ ಈಗಿನ ಕೆಂಪು ಕಟ್ಟಡವು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸ್ಮಾರಕವಾಗಿ ೧೯೦೦ರಲ್ಲಿ ಸಿದ್ಧವಾಯಿತು. ಕೇರಳ ರಾಜ್ಯವಾದ ಮೇಲೆ, ೧೯೫೮ರಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವೆಂಬ ಸ್ಥಾನ ಅದಕ್ಕೆ ಬಂತು. ಕೊಚ್ಚಿ ಸಂಸ್ಥಾನದಲ್ಲಿ ಎರ್ನಾಕುಲಂ ಸಾರ್ವಜನಿಕ ಗ್ರಂಥಾಲಯವು ೧೮೭೦ರಲ್ಲಿ ಹುಟ್ಟಿಕೊಂಡಿತು.

ಇದೇ ಕಾಲದಲ್ಲಿ ಓದುವ ಜನರೂ ಬೆಳೆಯುತ್ತಿದ್ದರು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಅದೇ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರು ೧೮೪೭ರಲ್ಲಿ ತಲಶ್ಶೇರಿಯಿಂದ ಮಲಯಾಳದ ಮೊದಲ ಪತ್ರಿಕೆಯಾದ ರಾಜ್ಯಸಮಾಚಾರವನ್ನು ಪ್ರಕಟಿಸಿದರು. ತಿರುವನಂತಪುರದ ಪುಸ್ತಕಶಾಲೆಯ ಬಾಗಿಲು ಜನರಿಗೆ ತೆರೆದ ವರ್ಷವೇ ಅದು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಪತ್ರಿಕೆ ಮತ್ತು ಪುಸ್ತಕಶಾಲೆ ಎರಡೂ ಒಂದೇ ಕಾಲದ ಕೂಸುಗಳು. ಮುಂದೆ ಕೇರಳದ ಹಳ್ಳಿಗಳಲ್ಲಿ ಅವೆರಡೂ ಒಂದೇ ಸೂರಿನ ಕೆಳಗೆ ಸೇರಿದುವು.

ಗ್ರಂಥಾಲಯಕ್ಕೆ ತೆರಿಗೆಯ ಆಧಾರವಿರಬೇಕೆಂಬ ವಿಚಾರ ಮೊದಲು ಕಾನೂನಿನ ರೂಪ ತಾಳಿದವುಗಳಲ್ಲಿ ಇಂಗ್ಲೆಂಡಿನ ೧೮೫೦ರ ಅಧಿನಿಯಮವು ಮುಖ್ಯವಾದುದು. ತೆರಿಗೆ ಕಟ್ಟತಕ್ಕ ಸ್ವತ್ತಿನ ಒಂದು ಪೌಂಡು ಬೆಲೆಗೆ ಅರ್ಧ ಪೆನ್ನಿ, ಎಂದರೆ ೪೮೦ರಲ್ಲಿ ಒಂದು ಪಾಲು, ಅಷ್ಟೇ ಅದರಲ್ಲಿ ಅನುಮತಿ. ಆ ಹಣದಿಂದ ಕಟ್ಟಡ ಕಟ್ಟಬಹುದಾಗಿತ್ತು, ಪುಸ್ತಕ ಕೊಳ್ಳುವಂತಿರಲಿಲ್ಲ! ಪುಸ್ತಕಗಳನ್ನು ದಾನಿಗಳು ಕೊಡುವರೆಂದು ನಂಬಲಾಗಿತ್ತು. ಐದು ವರ್ಷಗಳ ತರುವಾಯ ಆ ಲೋಪವನ್ನು ತಿದ್ದಬೇಕಾಯಿತು. ಮನೆಯನ್ನು ಕಟ್ಟಿ ಒಳಗಣ ದೀಪವನ್ನು ಮರೆಯುವ ಅಭ್ಯಾಸ ಒಂದು ದೇಶಕ್ಕೆ ಮಾತ್ರ ಸೇರಿದ್ದಲ್ಲ.

೨. ಹಳ್ಳಿಯ ವಾಚನಶಾಲೆ

ಕೇರಳದ ಗ್ರಂಥಾಲಯಗಳ ನಿಜವಾದ ಚರಿತ್ರೆ ರಾಜಧಾನಿಯಲ್ಲಿ ನಡೆದುದಲ್ಲ. ಕುಟ್ಟನಾಡಿನ ನೀರುಗದ್ದೆಗಳ ಅಂಚಿನ ಹಳ್ಳಿಗಳಲ್ಲಿ ನಡೆದುದು. ನೀಲಂಪೇರೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ಪಿ. ಎನ್. ಪಣಿಕ್ಕರ್ ಅವರು ೧೯೨೬ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿರುವಾಗ, ತಮ್ಮ ಊರಿನಲ್ಲಿ ಸನಾತನ ಧರ್ಮ ಎಂಬ ಹೆಸರಿನ ವಾಚನಶಾಲೆಯನ್ನು ಆರಂಭಿಸಿದರು. ಮುಂದೆ ಶಾಲೆಯ ಉಪಾಧ್ಯಾಯರಾದರು. ೧೯೪೫ರಲ್ಲಿ ಅಂಬಲಪ್ಪುಳದಲ್ಲಿ ೪೭ ಗ್ರಂಥಶಾಲೆಗಳ ಪ್ರತಿನಿಧಿಗಳನ್ನು ಕೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಸ್ಥಾಪಿಸಿದರು. ಓದಿ ಬೆಳೆಯಿರಿ ಎಂಬ ಕರೆಯೊಂದಿಗೆ ಅವರು ಊರೂರು ಸುತ್ತಿದರು. ಕನ್ನಡಿಗರಿಗೆ ಇಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಹಳ್ಳಿಹಳ್ಳಿಗೆ ನಡೆದ ಗಳಗನಾಥರ ನೆನಪಾಗುವುದು ಸಹಜ. ಒಂದು ವ್ಯತ್ಯಾಸವಿದೆ: ಗಳಗನಾಥರು ನಡೆದ ದಾರಿಯಲ್ಲಿ ಓದುಗರು ಉಳಿದರು, ಪಣಿಕ್ಕರ್ ನಡೆದ ದಾರಿಯಲ್ಲಿ ಓದುಗರ ಜೊತೆಗೆ ಸಂಸ್ಥೆಗಳೂ ಉಳಿದುವು.

ಈ ಚಳವಳಿ ಬೇರೂರಿದ ಕಾರಣವನ್ನು ಒಬ್ಬ ವ್ಯಕ್ತಿಯ ಉತ್ಸಾಹಕ್ಕಷ್ಟೇ ಆರೋಪಿಸುವುದು ಸರಿಯಲ್ಲ. ನಾರಾಯಣ ಗುರುಗಳ ಸುಧಾರಣೆಯ ಸಂದೇಶ, ರಾಷ್ಟ್ರೀಯ ಚಳವಳಿ, ರೈತ ಕಾರ್ಮಿಕ ಸಂಘಟನೆಗಳು ಇವೆಲ್ಲಕ್ಕೂ ಜನರು ಕೂಡುವ ಒಂದು ಜಾಗ ಬೇಕಾಗಿತ್ತು. ಅಕ್ಷರ ಬಲ್ಲವನೊಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುವನು. ಬಾರದವರು ಸುತ್ತ ಕುಳಿತು ಕೇಳುವರು. ಒಬ್ಬರು ಜಾಗ ಕೊಟ್ಟರು, ಹಲವರು ತೆಂಗಿನ ಗರಿ ಹೊದಿಸಿ ಸೂರು ಕಟ್ಟಿದರು, ಊರವರೇ ಆರಿಸಿದ ಸಮಿತಿ ಲೆಕ್ಕ ಇಟ್ಟಿತು. ಸರಕಾರದ ಹಣ ಬರುವ ಮೊದಲೇ ವಾಚನಶಾಲೆಗೆ ಒಡೆಯರಿದ್ದರು. ಇದೇ ಆ ಚಳವಳಿಯ ಮೂಲಬಂಡವಾಳ.

ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಸಂಘವು ಕೇರಳ ಗ್ರಂಥಶಾಲಾ ಸಂಘವಾಯಿತು. ೧೯೭೫ರಲ್ಲಿ ಸಾಕ್ಷರತೆಯ ಕಾರ್ಯಕ್ಕಾಗಿ ಯುನೆಸ್ಕೋ ಸಂಸ್ಥೆಯ ಕ್ರುಪ್‌ಸ್ಕಾಯಾ ಪ್ರಶಸ್ತಿ ಅದಕ್ಕೆ ದೊರೆಯಿತು. ೧೯೭೭ರಲ್ಲಿ ಆಡಳಿತವು ಸರಕಾರದ ವಶಕ್ಕೆ ಹೋಯಿತು. ಜನರ ಸಂಸ್ಥೆಯೊಂದು ಸರಕಾರದ ಸಂಸ್ಥೆಯಾಗಿಬಿಡುವ ಅಪಾಯ ಆಗ ಎದುರಾಯಿತು. ೧೯೮೯ರ ಕೇರಳ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಈ ಇಕ್ಕಟ್ಟಿಗೆ ನಡುದಾರಿಯೊಂದನ್ನು ಕಂಡುಕೊಂಡಿತು. ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳ ಗ್ರಂಥಾಲಯ ಪರಿಷತ್ತುಗಳು, ಅವುಗಳಿಗೆ ಗ್ರಂಥಾಲಯಗಳ ಪ್ರತಿನಿಧಿಗಳಿಂದ ಚುನಾವಣೆ. ಕಟ್ಟಡ ತೆರಿಗೆಯ ಮೇಲೆ ನೂರಕ್ಕೆ ಐದರಂತೆ ಗ್ರಂಥಾಲಯ ಕರ. ಅದರ ಜೊತೆಗೆ ಶಿಕ್ಷಣದ ಆಯವ್ಯಯದಲ್ಲಿ ನೂರಕ್ಕೆ ಒಂದಕ್ಕೆ ಕಡಿಮೆಯಾಗದ ಮೊತ್ತ. ಊರಿನ ಗ್ರಂಥಾಲಯವು ಊರಿನದಾಗಿಯೇ ಉಳಿದು, ಪರಿಷತ್ತಿನ ಸಂಯೋಜನೆ ಪಡೆದು, ತನ್ನ ಕೆಲಸಕ್ಕೆ ತಕ್ಕ ಶ್ರೇಣಿಯನ್ನೂ ಶ್ರೇಣಿಗೆ ತಕ್ಕ ಅನುದಾನವನ್ನೂ ಪಡೆಯುತ್ತದೆ. ಹೀಗೆ ಸಂಯೋಜನೆ ಪಡೆದ ಗ್ರಂಥಾಲಯಗಳು ಇಂದು ಎಂಟು ಸಾವಿರಕ್ಕೂ ಹೆಚ್ಚು. ಪಣಿಕ್ಕರ್ ಅವರು ತೀರಿಕೊಂಡ ಜೂನ್ ೧೯ನ್ನು (೧೯೯೫) ಕೇರಳವು ವಾಚನದಿನವಾಗಿ ಆಚರಿಸುತ್ತದೆ.

೩. ಇಲಾಖೆಯ ದಾರಿ

ಕನ್ನಡ ನಾಡಿನಲ್ಲಿ ಜನರ ಪ್ರಯತ್ನವಿರಲಿಲ್ಲವೆಂದಲ್ಲ. ೧೮೯೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು, ಊರೂರಿನ ವಾಚನಾಲಯಗಳು ಇದ್ದೇ ಇದ್ದುವು. ಆದರೆ ೪೭ ಗ್ರಂಥಶಾಲೆಗಳನ್ನು ಒಂದು ಸಂಘವಾಗಿ ಹೆಣೆದಂತಹ ಕೆಲಸ ಇಲ್ಲಿ ನಡೆಯಲಿಲ್ಲ; ಕನ್ನಡ ಮಾತಾಡುವ ನೆಲ ಹಲವು ಆಡಳಿತಗಳಲ್ಲಿ ಹರಿದು ಹಂಚಿದ್ದುದೂ ಅದಕ್ಕೊಂದು ಕಾರಣ. ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೪-೧೫ರ ಸುಮಾರಿಗೆ, ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಾಲಯಗಳು ಸ್ಥಾಪಿತವಾದುವು. ಬೆಂಗಳೂರಿನದು ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ನೆಲೆಗೊಂಡಿತು. ಬರೋಡೆಯಲ್ಲಿ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದಿಂದ ಡಬ್ಲ್ಯು. ಎ. ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಯಿಸಿ ಹಳ್ಳಿಗಳವರೆಗೆ ಪುಸ್ತಕ ಮುಟ್ಟಿಸಿದ ಉದಾಹರಣೆ ಆಗ ಎಲ್ಲರ ಕಣ್ಣ ಮುಂದಿತ್ತು.

ಸ್ವಾತಂತ್ರ್ಯಾನಂತರ ಮದರಾಸು ಪ್ರಾಂತವು ೧೯೪೮ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವನ್ನು ರೂಪಿಸಿತು. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಬಹುಕಾಲದ ಹೋರಾಟದ ಫಲವದು. ಸ್ವತ್ತು ತೆರಿಗೆಯ ಒಂದು ರೂಪಾಯಿಗೆ ಆರು ಪೈ ಎಂಬುದು ಅದರ ಕರ. ರೂಪಾಯಿಗೆ ೧೯೨ ಪೈಗಳಿದ್ದ ಆ ಕಾಲದಲ್ಲಿ, ೩೨ ರೂಪಾಯಿ ತೆರಿಗೆ ಕಟ್ಟುವ ಮನೆಯವನು ಗ್ರಂಥಾಲಯಕ್ಕೆಂದು ಒಂದು ರೂಪಾಯಿಯನ್ನು ಕಟ್ಟಿದಂತಾಯಿತು. ೧೯೫೭ರಿಂದ ಬೆಂಗಳೂರಿನಲ್ಲಿಯೇ ನೆಲಸಿದ ರಂಗನಾಥನ್ ಅವರ ಪ್ರಭಾವವು ಮೈಸೂರು ರಾಜ್ಯದ ಮೇಲೂ ಬಿತ್ತು. ೧೯೬೫ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ರೂಪಾಯಿಗೆ ಮೂರು ಪೈಸೆಯ ಕರವನ್ನು ವಿಧಿಸಿತು; ನಾಣ್ಯ ಬದಲಾದರೂ ಪ್ರಮಾಣ ಹೆಚ್ಚುಕಡಿಮೆ ಮದರಾಸಿನದೇ. ಈಗ ಅದು ಆರು ಪೈಸೆ. ೧೯೬೬ರ ನವೆಂಬರ್ ೧ರಂದು ಗ್ರಂಥಾಲಯ ಇಲಾಖೆ ಹುಟ್ಟಿತು.

ಇಲಾಖೆಯ ದಾರಿಗೆ ತನ್ನದೇ ಗುಣಗಳಿವೆ. ಶಿಕ್ಷಣ ಪಡೆದ ಗ್ರಂಥಪಾಲರಿಗೆ ಸರಕಾರಿ ಸಂಬಳ ಬಂತು. ಊರಿನಲ್ಲಿ ಉತ್ಸಾಹಿಗಳಿರಲಿ ಇಲ್ಲದಿರಲಿ ಜಿಲ್ಲೆಗೊಂದು ಗ್ರಂಥಾಲಯ ಬಂತು. ಮುಂದೆ ಗ್ರಾಮ ಪಂಚಾಯತಿಗಳಿಗೂ ಬಂತು. ಕೇರಳದ ಹಳ್ಳಿಯ ಗ್ರಂಥಪಾಲನು ಇಂದಿಗೂ ಅಲ್ಪ ಗೌರವಧನಕ್ಕೆ ದುಡಿಯುವವನೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಇಲಾಖೆಯ ದಾರಿಯಲ್ಲಿ ಓದುಗನು ಫಲಾನುಭವಿಯಾದನೇ ಹೊರತು ಒಡೆಯನಾಗಲಿಲ್ಲ.

ಪುಸ್ತಕ ಕೊಳ್ಳುವ ಕ್ರಮದಲ್ಲಿ ಈ ಭೇದ ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ ರಾಜ್ಯಮಟ್ಟದ ಆಯ್ಕೆ ಸಮಿತಿಯು ಒಪ್ಪಿದ ಪುಸ್ತಕದ ಸಾಮಾನ್ಯವಾಗಿ ೩೦೦ ಪ್ರತಿಗಳನ್ನು, ಪುಟಗಳ ಲೆಕ್ಕದಲ್ಲಿ ಸರಕಾರವು ಗೊತ್ತುಪಡಿಸಿದ ಬೆಲೆಗೆ, ಸಗಟಾಗಿ ಕೊಂಡು ಹಂಚಲಾಗುತ್ತದೆ. ಕನ್ನಡದ ಸಣ್ಣ ಪ್ರಕಾಶಕರು ಬದುಕಿರುವುದಕ್ಕೆ ಈ ಯೋಜನೆ ಆಧಾರವೆಂಬುದು ನಿಜ. ಆದರೆ ಬೀದರಿನ ಓದುಗನಿಗೂ ಮಡಿಕೇರಿಯ ಓದುಗನಿಗೂ ಬೇಕಾದುದು ಒಂದೇ ಎಂದು ತಿಳಿದಂತೆ ಆಯಿತು. ಕೇರಳದಲ್ಲಿ ಜಿಲ್ಲಾ ಪರಿಷತ್ತುಗಳು ಪುಸ್ತಕೋತ್ಸವಗಳನ್ನು ನಡೆಸುತ್ತವೆ. ಊರಿನ ಸಮಿತಿಯವರು ಅನುದಾನವನ್ನು ಹಿಡಿದು ಅಲ್ಲಿಗೆ ಬಂದು, ತಿರುವಿ ನೋಡಿ, ತಮ್ಮ ಓದುಗರು ಕೇಳಿದ ಪುಸ್ತಕಗಳನ್ನು ಆರಿಸಿಕೊಂಡು ಹೋಗುತ್ತಾರೆ. ಆರಿಸುವ ಅಧಿಕಾರವಿಲ್ಲದ ಒಡೆತನವು ಹೆಸರಿಗೆ ಮಾತ್ರ ಒಡೆತನ.

೪. ಗಡಿಯ ಕಪಾಟು

ಈ ಎರಡು ದಾರಿಗಳೂ ಕೂಡಿದ ಕಾಸರಗೋಡಿನ ಸಂಗತಿ ವಿಚಿತ್ರವಾದುದು. ೧೯೫೬ರ ವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರಿಗೂ ಕಾಸರಗೋಡಿಗೂ ಅನ್ವಯಿಸುತ್ತಿದ್ದುದು ಮದರಾಸಿನ ೧೯೪೮ರ ಅಧಿನಿಯಮವೊಂದೇ. ೧೯೫೬ರ ನವೆಂಬರ್ ೧ರಂದು ತಾಲೂಕು ಕೇರಳಕ್ಕೆ ಸೇರಿ ಮಲಬಾರ್ ಜಿಲ್ಲೆಯ ಭಾಗವಾಯಿತು. ಮಹಾಜನ ಆಯೋಗವು ೧೯೬೭ರಲ್ಲಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಗಡಿಯ ಉತ್ತರಕ್ಕೆ ೧೯೬೫ರ ಮೈಸೂರು ಅಧಿನಿಯಮ ಬಂತು. ದಕ್ಷಿಣಕ್ಕೆ ಹಳೆಯ ಮದರಾಸು ಅಧಿನಿಯಮವೇ ಮುಂದುವರಿದು, ೧೯೮೯ರಲ್ಲಿ ಕೇರಳದ ಅಧಿನಿಯಮ ಬಂತು. ಒಂದೇ ಭಾಷೆಯ, ಒಂದೇ ಜಿಲ್ಲೆಯವರಾಗಿದ್ದ ಓದುಗರು ಹೀಗೆ ಎರಡು ಗ್ರಂಥಾಲಯ ವ್ಯವಸ್ಥೆಗಳ ಪಾಲಾದರು.

ಇದರ ಅರ್ಥವನ್ನು ತಿಳಿಯಲು ಮಂಜೇಶ್ವರದ ಗೋವಿಂದ ಪೈಯವರ (೧೮೮೩-೧೯೬೩) ನಿದರ್ಶನ ಸಾಕು. ಮದರಾಸು ಸರಕಾರವು ೧೯೪೯ರಲ್ಲಿ ರಾಷ್ಟ್ರಕವಿ ಬಿರುದನ್ನಿತ್ತ ಈ ಬಹುಭಾಷಾ ಪಂಡಿತರು ವಿಶ್ವವಿದ್ಯಾನಿಲಯದ ಆಸರೆಯಿಲ್ಲದೆ, ಕಡಲಂಚಿನ ಚಿಕ್ಕ ಊರಿನಲ್ಲಿ ಕುಳಿತು, ತಮ್ಮ ಮನೆಯ ಪುಸ್ತಕಗಳ ಬಲದಿಂದಲೇ ಇತಿಹಾಸ, ಶಾಸನ, ಕಾಲನಿರ್ಣಯಗಳ ಗಂಟುಗಳನ್ನು ಬಿಡಿಸಿದರು. ಅವರ ಬಾಳಿನ ಕೊನೆಯ ಏಳು ವರ್ಷಗಳಲ್ಲಿ ಮಂಜೇಶ್ವರವು ಕೇರಳದ ಊರಾಗಿತ್ತು. ಅವರ ತರುವಾಯ ಆ ಗ್ರಂಥಸಂಗ್ರಹವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರದ ಆಸ್ತಿಯಾಯಿತು. ಮಂಜೇಶ್ವರದಲ್ಲಿ ಅವರ ಮನೆ ಸ್ಮಾರಕವಾಗಿ ನಿಂತಿದೆ. ಪುಸ್ತಕಗಳು ಸುರಕ್ಷಿತವಾಗಿ ವಿದ್ವಾಂಸರ ಕೈಗೆ ದೊರೆತುದು ಭಾಗ್ಯವೇ ಸರಿ. ಆದರೂ ಮನೆ ಗಡಿಯ ಈಚೆ, ಪುಸ್ತಕ ಗಡಿಯ ಆಚೆ ಎಂಬ ಸ್ಥಿತಿಯು ಗಡಿನಾಡಿನ ಕನ್ನಡದ ಸ್ಥಿತಿಗೆ ಒಂದು ಸೂಚನೆಯಂತಿದೆ.

ಕಾಸರಗೋಡಿನ ಕನ್ನಡ ಗ್ರಂಥಾಲಯಕ್ಕೆ ಕೇರಳದ ಕಾನೂನು ಪ್ರತಿಕೂಲವೆಂದು ಭಾವಿಸುವುದು ತಪ್ಪಾದೀತು. ಊರಿನ ಸಮಿತಿ, ಊರಿನ ಆಯ್ಕೆ ಎಂಬ ತತ್ತ್ವವು ಭಾಷಾ ಅಲ್ಪಸಂಖ್ಯಾತರಿಗೆ ಇಲಾಖೆಯ ದಾರಿಗಿಂತ ಹೆಚ್ಚಿನ ಅವಕಾಶವನ್ನು ಕೊಡುತ್ತದೆ. ಸಂಯೋಜನೆ ಪಡೆದ ಗ್ರಂಥಾಲಯಕ್ಕೆ ಮತದ ಹಕ್ಕಿದೆ, ಪ್ರತಿನಿಧಿಯನ್ನು ಕಳುಹಿಸುವ ಹಕ್ಕಿದೆ. ತೊಡಕಿರುವುದು ಬೇರೆ ಕಡೆ. ಪುಸ್ತಕೋತ್ಸವಕ್ಕೆ ಬರುವ ಮಳಿಗೆಗಳು ಬಹುಪಾಲು ಮಲಯಾಳದವು. ಬೆಂಗಳೂರು ಧಾರವಾಡಗಳ ಪ್ರಕಾಶಕನಿಗೆ ಕಾಸರಗೋಡು ದೂರ, ಲಾಭ ಅಲ್ಪ. ಕರ್ನಾಟಕದ ಸಗಟು ಖರೀದಿಯ ಹಂಚಿಕೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಹೀಗೆ ಒಂದು ಕಡೆ ಆರಿಸುವ ಅಧಿಕಾರವಿದೆ, ಪುಸ್ತಕವಿಲ್ಲ. ಇನ್ನೊಂದು ಕಡೆ ಪುಸ್ತಕವಿದೆ, ಆರಿಸುವ ಅಧಿಕಾರವಿಲ್ಲ.

೫. ಇಂದಿನ ತೊಡಕುಗಳು

ಗ್ರಂಥಾಲಯ ಕರದ ಸಂಗ್ರಹವು ಎಲ್ಲಕ್ಕಿಂತ ಮೊದಲು ವಿಚಾರಿಸತಕ್ಕ ವಿಷಯ. ಕರ್ನಾಟಕದಲ್ಲಿ ಈ ಕರವನ್ನು ನಗರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳು ಮನೆಗಂದಾಯದ ಜೊತೆಗೇ ವಸೂಲು ಮಾಡುತ್ತವೆ. ವಸೂಲಿಯ ಖರ್ಚಿಗೆಂದು ನೂರಕ್ಕೆ ಹತ್ತನ್ನು ಇಟ್ಟುಕೊಂಡು ಉಳಿದುದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಈ ಬಾಕಿಯು ವರ್ಷ ವರ್ಷವೂ ಬೆಳೆಯುತ್ತಿರುವುದು ಸಾರ್ವಜನಿಕವಾಗಿ ಮತ್ತೆ ಮತ್ತೆ ಚರ್ಚೆಗೆ ಬಂದಿರುವ ವಿಷಯ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಸಾಮಾನ್ಯ ಸಾಲವಲ್ಲ. ಇನ್ನೊಬ್ಬರಿಗಾಗಿ ವಸೂಲು ಮಾಡಿದ ನ್ಯಾಸದ ಹಣ. ಓದುಗನು ಕೊಟ್ಟಾಗಿದೆ, ಗ್ರಂಥಾಲಯಕ್ಕೆ ಮುಟ್ಟಿಲ್ಲ. ಬ್ಯಾಂಕೊಂದು ಗಿರಾಕಿಯ ಠೇವಣಿಯನ್ನು ತನ್ನ ಖರ್ಚಿಗೆ ಬಳಸಿ ಕೊಂಡರೆ ಸಮಾಜ ಅದನ್ನು ಯಾವ ಹೆಸರಿನಿಂದ ಕರೆಯುವುದೋ ಆ ಹೆಸರನ್ನು ಇಲ್ಲಿ ಬಳಸಲು ಎಲ್ಲರೂ ಸಂಕೋಚಪಡುತ್ತಾರೆ. ತನ್ನ ರಸೀದಿಯಲ್ಲಿ ಗ್ರಂಥಾಲಯ ಕರವೆಂಬ ಸಾಲನ್ನು ಓದಿ, ಅದು ಎಲ್ಲಿ ಹೋಯಿತೆಂದು ಕೇಳುವ ಓದುಗರ ಸಂಘ ಇಲ್ಲದಿರುವುದೇ ಈ ಸಂಕೋಚಕ್ಕೆ ಮೂಲ.

೨೦೧೯ರಲ್ಲಿ ಕರ್ನಾಟಕದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ಮಕ್ಕಳಿಗೆ ಸದಸ್ಯತ್ವ, ಗಣಕಯಂತ್ರದ ಸೌಕರ್ಯ, ಹೊಸ ಬಣ್ಣ ಬಂದಿರುವುದು ಸಂತೋಷದ ಸಂಗತಿ. ಗ್ರಂಥಾಲಯವು ಊರಿನ ಆಡಳಿತಕ್ಕೆ ಹತ್ತಿರವಾದುದು ಸರಿಯಾದ ದಿಕ್ಕು. ಅದು ಊರಿನ ಓದುಗರಿಗೂ ಹತ್ತಿರವಾಗಬೇಕಾದರೆ ಪುಸ್ತಕದ ಆಯ್ಕೆ ಅವರ ಕೈಗೆ ಬರಬೇಕು.

ಕೇರಳವೂ ನಿಶ್ಚಿಂತೆಯಿಂದಿಲ್ಲ. ಪರಿಷತ್ತುಗಳ ಚುನಾವಣೆಗಳಲ್ಲಿ ರಾ‌ಜಕೀಯ ಪಕ್ಷಗಳ ನೆರಳು ಬಿದ್ದಿದೆ. ಹಲವು ಸಮಿತಿಗಳಲ್ಲಿ ಮೊದಲ ತಲೆಮಾರಿನವರು ಮುದುಕರಾಗಿ, ಅವರ ಸ್ಥಾನಕ್ಕೆ ಬರುವ ತರುಣರು ಕಾಣುತ್ತಿಲ್ಲ. ೨೦೧೮ರ ಆಗಸ್ಟಿನ ಮಹಾಪ್ರವಾಹದಲ್ಲಿ ಅನೇಕ ಗ್ರಂಥಾಲಯಗಳ ಪುಸ್ತಕಗಳು ನೀರುಪಾಲಾದುವು. ಎರಡೂ ರಾಜ್ಯಗಳ ನಗರಗಳಲ್ಲಿ ವಾಚನಾಲಯದ ಕುರ್ಚಿಗಳು ಸ್ಪರ್ಧಾ ಪರೀಕ್ಷೆಗಳಿಗೆ ಓದುವ ತರುಣರಿಂದ ತುಂಬಿರುತ್ತವೆ. ಅವರು ಪುಸ್ತಕವನ್ನು ಮನೆಯಿಂದಲೇ ತರುತ್ತಾರೆ, ಗ್ರಂಥಾಲಯದಿಂದ ಕೇಳುವುದು ಮೌನ, ದೀಪ ಮತ್ತು ಮೇಜು. ಇದನ್ನು ಹಳಿಯಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಐವರು ವಾಸಿಸುವ ಮನೆಯ ಹುಡುಗನಿಗೆ ಆ ಮೇಜೇ ಗ್ರಂಥಾಲಯದ ದೊಡ್ಡ ಉಪಕಾರ. ಆದರೆ ಹಿಂದಿನ ಕಪಾಟಿನ ಬಾಗಿಲು ತೆರೆಯುವಂತೆ ಅವನನ್ನು ಕರೆಯಬಲ್ಲ ಗ್ರಂಥಪಾಲನಿರಬೇಕು. ನಾಗಾವಿಯಲ್ಲಿ ಒಂದು ಭಂಡಾರಕ್ಕೆ ಆರು ಮಂದಿಯಿದ್ದರು. ಇಂದು ಒಬ್ಬನಿರಬೇಕಾದ ಎಷ್ಟೋ ಕಡೆ ಆ ಒಬ್ಬನೂ ಇಲ್ಲ.

೨೦೨೧ರ ಏಪ್ರಿಲಿನಲ್ಲಿ ಮೈಸೂರಿನಲ್ಲಿ ನಡೆದುದನ್ನೂ ಇಲ್ಲಿ ಹೇಳಬೇಕು. ಕೂಲಿ ಮಾಡಿ ಬದುಕುವ ಒಬ್ಬರು ಸ್ವಂತ ದುಡಿಮೆಯಿಂದ ನಡೆಸುತ್ತಿದ್ದ ಕನ್ನಡ ಗ್ರಂಥಾಲಯವು ಬೆಂಕಿಗೆ ಸಿಕ್ಕಿ ಸುಮಾರು ೧೧ ಸಾವಿರ ಪುಸ್ತಕಗಳು ಸುಟ್ಟುಹೋದುವು. ಸುದ್ದಿ ಹರಡಿದೊಡನೆ ದೇಶದ ನಾನಾ ಕಡೆಗಳಿಂದ ಜನರು ಹಣವನ್ನೂ ಪುಸ್ತಕಗಳನ್ನೂ ನೀಡಲು ಮುಂದೆ ಬಂದರು. ಕನ್ನಡ ಜನರಲ್ಲಿ ಗ್ರಂಥಾಲಯದ ಬಗೆಗೆ ಪ್ರೀತಿಯಿಲ್ಲವೆಂಬ ಮಾತಿಗೆ ಇದೇ ಉತ್ತರ. ಪ್ರೀತಿಯಿದೆ, ಅದು ಬೆಂಕಿ ಬಿದ್ದ ಮೇಲೆ ದಾನವಾಗಿ ಹರಿಯುತ್ತದೆ, ಬೀಳುವ ಮೊದಲು ಹೊಣೆಯಾಗಿ ನಿಲ್ಲುವುದಿಲ್ಲ.

೬. ಹೊರನಾಡ ಕನ್ನಡಿಗರ ಹೊಣೆ

ಕೊಚ್ಚಿ ತಿರುವನಂತಪುರಗಳಿಗೆ ಕನ್ನಡ ನೆಲದಿಂದ ಬಂದವರು ಇಂದು ನಿನ್ನೆಯವರಲ್ಲ. ಪದ್ಮನಾಭಸ್ವಾಮಿ ದೇವಾಲಯದ ನಂಬಿಗಳಲ್ಲಿ ಒಂದು ವರ್ಗದವರನ್ನು ಅಕ್ಕರೆ ದೇಶದವರೆಂದು, ಎಂದರೆ ಚಂದ್ರಗಿರಿ ಹೊಳೆಯ ಆಚೆಯ ತುಳುನಾಡಿನವರೆಂದು ಕರೆಯುವ ವಾಡಿಕೆಯಿದೆ. ಅನಂತರ ಉಡುಪಿಯ ಹೋಟೆಲುಗಳು ಬಂದುವು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಶಾಖೆಗಳ ಜೊತೆ ಗುಮಾಸ್ತರೂ ಅಧಿಕಾರಿಗಳೂ ಬಂದರು. ನೌಕಾಪಡೆ, ಬಾಹ್ಯಾಕಾಶ ಕೇಂದ್ರ, ಗಣಕತಂತ್ರದ ಸಂಸ್ಥೆಗಳು ಇನ್ನಷ್ಟು ಜನರನ್ನು ತಂದುವು. ಇವರಲ್ಲಿ ಬಹುಮಂದಿ ವರ್ಗವಾಗಿ ಬಂದು ವರ್ಗವಾಗಿ ಹೋಗುವವರು. ಅವರು ಕೂಡಿ ಕಟ್ಟಿದ ಕನ್ನಡ ಸಂಘದ ಆಸ್ತಿಯಲ್ಲಿ ಒಂದು ಪುಸ್ತಕದ ಕಪಾಟು ಇದ್ದೇ ಇರುತ್ತದೆ. ರಾಜ್ಯೋತ್ಸವದಂದು ಅದರ ಬೀಗ ತೆರೆಯುವುದುಂಟು.

ಆ ಕಪಾಟಿನ ಮುಂದಿರುವ ಪ್ರಶ್ನೆ ಕಠಿನವಾದುದು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೂ ಹಿಂದಿಯನ್ನೂ ಇಂಗ್ಲಿಷನ್ನೂ ಓದುತ್ತಾರೆ. ಕನ್ನಡವು ಕಿವಿಯ ಭಾಷೆಯಾಗಿ ಉಳಿದು ಕಣ್ಣಿನ ಭಾಷೆಯಾಗುವುದಿಲ್ಲ. ಹಿರಿಯರೊಬ್ಬರು ತೀರಿಕೊಂಡಾಗ ನಲವತ್ತು ವರ್ಷ ಕೂಡಿಸಿದ ಪುಸ್ತಕಗಳನ್ನು ಓದಬಲ್ಲವರು ಆ ಮನೆಯಲ್ಲಿಯೇ ಇಲ್ಲದಿರುವ ಕಾಲ ಬಂದಿದೆ. ಮನೆಯನ್ನು ಖಾಲಿ ಮಾಡುವ ಅವಸರದಲ್ಲಿ ಅವು ರದ್ದಿಯವನ ತಕ್ಕಡಿಗೆ ಏರುತ್ತವೆ. ಗೋವಿಂದ ಪೈಯವರ ಪುಸ್ತಕಗಳಿಗೆ ಉಡುಪಿ ದೊರೆಯಿತು. ಎಲ್ಲರ ಪುಸ್ತಕಗಳಿಗೂ ಉಡುಪಿ ದೊರೆಯುವುದಿಲ್ಲ.

ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬುದು ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡರ ತಾತ್ಪರ್ಯ. ಹೊರನಾಡಿನ ಕನ್ನಡ ಕಪಾಟಿಗೆ ಇವೆರಡೂ ಸಾಧ್ಯವಾಗಬೇಕಾದರೆ ಕೆಲವು ಕೆಲಸಗಳು ನಡೆಯಬೇಕು. ಸಂಘಗಳೂ ಮನೆಗಳೂ ಇಟ್ಟುಕೊಂಡಿರುವ ಪುಸ್ತಕಗಳಿಗೆ ಒಂದು ಸಮಗ್ರ ಪಟ್ಟಿ ಮೊದಲು ಸಿದ್ಧವಾಗಬೇಕು, ಅದೂ ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪಟ್ಟಿಯಲ್ಲಿ ಲಕಾರ ಳಕಾರಗಳ ಭೇದವೂ ಹ್ರಸ್ವ ದೀರ್ಘಗಳ ಭೇದವೂ ಅಳಿದು, ಕಲೆ ಕಳೆಯಾಗಿ, ಹುಡುಕುವವನಿಗೆ ಪುಸ್ತಕವಿದ್ದೂ ಇಲ್ಲದಂತಾಗುತ್ತದೆ. ಎರಡನೆಯದಾಗಿ, ಸಂಘದ ಗ್ರಂಥಾಲಯವು ಕೇರಳದ ಗ್ರಂಥಾಲಯ ಪರಿಷತ್ತಿನ ಸಂಯೋಜನೆಯನ್ನು ಕೋರಬಹುದೇ ಎಂಬುದನ್ನು ವಿಚಾರಿಸಬೇಕು. ನಿಯಮಿತ ಸಮಯಕ್ಕೆ ಬಾಗಿಲು ತೆರೆಯುವುದು, ಲೆಕ್ಕವನ್ನು ತೋರಿಸುವುದು, ಎಲ್ಲರಿಗೂ ಪ್ರವೇಶ ಕೊಡುವುದು ಇವು ಅದಕ್ಕೆ ತೆರಬೇಕಾದ ಬೆಲೆಯಾದರೆ, ಅದು ನಷ್ಟವಲ್ಲ, ಲಾಭ. ಈ ನಗರಗಳಲ್ಲಿ ಮನೆ ಮಾಡಿದ ಕನ್ನಡಿಗನೂ ಕಟ್ಟಡ ತೆರಿಗೆಯ ಜೊತೆಗೆ ನೂರಕ್ಕೆ ಐದರ ಗ್ರಂಥಾಲಯ ಕರವನ್ನು ಕಟ್ಟುತ್ತಾನೆ. ಕನ್ನಡದ ಒಂದು ಕಪಾಟನ್ನು ಕೇಳುವಾಗ ಅವನು ಬೇಡುವವನಲ್ಲ. ಮೂರನೆಯದಾಗಿ, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ವಾರದ ಒಂದು ಗಂಟೆ. ಕುಟ್ಟನಾಡಿನ ವಾಚನಶಾಲೆ ಬೆಳೆದದ್ದು ಅಕ್ಷರ ಬಾರದವರಿಗೆ ಪತ್ರಿಕೆಯನ್ನು ಓದಿ ಹೇಳಿದುದರಿಂದ. ಕೊಚ್ಚಿಯ ಕನ್ನಡ ಮಗುವೂ ಕನ್ನಡದ ಮಟ್ಟಿಗೆ ಅದೇ ಸ್ಥಿತಿಯಲ್ಲಿದೆ, ಮದ್ದೂ ಅದೇ.

ಅರಸನು ಕೊಟ್ಟ ಗ್ರಂಥಾಲಯವು ಜನರ ಕೈಗೆ ಬರಲು ತಿರುವನಂತಪುರದಲ್ಲಿ ಹದಿನೆಂಟು ವರ್ಷ ಹಿಡಿಯಿತು. ಕಾನೂನು ಕೊಟ್ಟ ಗ್ರಂಥಾಲಯವು ಕರ್ನಾಟಕದಲ್ಲಿ ಓದುಗರ ಕೈಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಜನರು ಕಟ್ಟಿದ ಗ್ರಂಥಾಲಯವನ್ನು ಕೇರಳದ ಕಾನೂನು ಎತ್ತಿ ಹಿಡಿದಿದೆ. ಅದನ್ನು ಕಟ್ಟಿದ ಜನರ ಮಕ್ಕಳು ಮುಂದೆ ಬರಬೇಕಾಗಿದೆ. ದಾನವು ಕಟ್ಟಡವನ್ನು ಎಬ್ಬಿಸಬಲ್ಲುದು, ಹಕ್ಕು ಹಣವನ್ನು ತರಬಲ್ಲುದು. ಸಂಜೆ ಐದು ಗಂಟೆಗೆ ಬಂದು ಬೀಗ ತೆಗೆಯುವವನು ಹೊಣೆ ಹೊತ್ತವನು ಮಾತ್ರ. ನಾಗಾವಿಯ ಶಾಸನವು ಉಪಾಧ್ಯಾಯರ ಸಾಲಿನಲ್ಲಿಯೇ ಆ ಆರು ಮಂದಿಯನ್ನು ಕೂರಿಸಿದ್ದು ಅದಕ್ಕಾಗಿಯೇ ಇರಬೇಕು. ಹೊರನಾಡಿನ ಪ್ರತಿಯೊಂದು ಸಂಘಕ್ಕೂ ಆರು ಮಂದಿ ಬೇಡ. ಸದ್ಯಕ್ಕೆ ಒಬ್ಬ ಸರಸ್ವತೀಭಂಡಾರಿಗನು ದೊರೆತರೆ ಸಾಕು.